ಕತ್ತರಿಯ ಪೂರ್ವಜನ್ಮ

ಹೆತ್ತ ಮಗಳ ಮುಂದೆ ಕೈಕಟ್ಟಿ ನಿಂತು ‘ತಪ್ಪಾಯ್ತಪ್ಪಾ’ ಎಂದು ಬೇಡಿಕೊಂಡ ಗಂಡಸು ನಿಮ್ಮ ಬೀದಿಯಲ್ಲಿದ್ದಾನೆಯೇ? ನಮ್ಮ ಬೀದಿಯಲ್ಲಿ ಒಬ್ಬನಿದ್ದಾನೆ. ಮನೆಯ ಮುಂಗೋಣೆಯಲ್ಲೇ ಕೋಟು ಹೊಲಿಯುವ ದರ್ಜಿ. ಅವನ ಕಥೆಯನ್ನು ಅವನ ಬಾಯಲ್ಲೇ, ಅಂದರೆ ನನ್ನ ಬಾಯಲ್ಲೇ, ಕೇಳಿ.

ಅಪ್ಪ ತೀರಿಕೊಂಡ ಹನ್ನೊಂದನೇ ತಿಂಗಳಿಗೆ ನನ್ನ ಮಗಳು ಹುಟ್ಟಿದಳು. ಈಗವಳಿಗೆ ಎಂಟು ವರ್ಷ. ಶಾಲೆಗೆ ಹೊರಡುವ ಮುಂಚೆ ಪುಸ್ತಕದ ಪೆಟ್ಟಿಗೆಯ ಚಿಲಕವನ್ನು ಮೂರು ಸಲ ಜಗ್ಗಿ ‘ಹೂಂ’ ಎನ್ನುತ್ತಾಳೆ. ಅಪ್ಪನೂ ಈ ಮುಂಗೋಣೆಯ ಬೀಗವನ್ನು ಹಾಗೇ ಜಗ್ಗುತ್ತಿದ್ದರು, ಮೂರೇ ಸಲ, ಅದೇ ‘ಹೂಂ’. ನಾನು ಕಾಲರ್ ಕೂರಿಸುತ್ತಿದ್ದರೆ ಬೆನ್ನ ಹಿಂದೆ ಬಂದು ನಿಂತು, ‘ಎಡಗಡೆ ಒಂದು ನೂಲು ಜಾಸ್ತಿ’ ಎನ್ನುತ್ತಾಳೆ. (ನೂಲೆಂದರೆ ಅಂಗುಲದ ಎಂಟನೇ ಒಂದು ಪಾಲು. ಅಳೆದು ನೋಡಿದರೆ ಜಾಸ್ತಿಯೇ ಇರುತ್ತದೆ!)

“ನಿಮ್ಮಪ್ಪನೇ ಕಣ್ರೀ” ಎಂದಳು ನನ್ನವಳು. “ಬದುಕಿದ್ದಾಗ ನಾನು ಕೊಟ್ಟ ಒಂದು ಲೋಟ ನೀರನ್ನೂ ಕೊಂಕು ತೆಗೀದೆ ಕುಡೀಲಿಲ್ಲ. ಈಗ ನೋಡಿ, ದಿನಾ ಸೊಸೆ ಕೈಲಿ ಎರಡು ಜಡೆ ಹಾಕಿಸ್ಕೊಂಡು ಶಾಲೆಗೆ ಹೋಗ್ತಾರೆ. ಕರ್ಮ ಅಂದ್ರೆ ಇದೇ!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಪಾಪದ ಮೂಟೆಯಲ್ಲಿ ಒಂದು ತಗಡಿತ್ತು.

ಹತ್ತು ವರ್ಷದವನಿದ್ದಾಗ ತಗಡಿನ ಡಬ್ಬದ ಮುಚ್ಚಳ ಕತ್ತರಿಸಿ ಗಾಳಿಗೆ ತಿರುಗುವ ಗಿರಗಟ್ಟೆ ಮಾಡಿಕೊಂಡಿದ್ದೆ. ಕತ್ತರಿಸಿದ್ದು ಅಪ್ಪನ ಬಟ್ಟೆ ಕತ್ತರಿಯಲ್ಲಿ. ದರ್ಜಿಯ ಕತ್ತರಿ ಕಾಗದಕ್ಕೆ ತಾಗಿದರೇ ಅಪರಾಧ. ತಗಡಿಗೆ ತಾಗಿದರೆ ಮಹಾಪಾತಕ. ಮರುದಿನ ಯಾವುದೋ ಮದುಮಗನ ಕೋಟಿನ ಬಟ್ಟೆ ಪರ್ರೆಂದು ಹರಿಯಿತು. “ಅಡಿಗೆಮನೆಗೆ ಕತ್ತರಿ ಒಯ್ದೋಳು ನೀನೇ ತಾನೇ!” ಎಂದು ಅಪ್ಪ ಅಮ್ಮನ ಮೇಲೆ ಹಾರಾಡಿದರು. ಒಂದು ತಿಂಗಳು ಅವರಿಬ್ಬರಿಗೂ ಮಾತಿಲ್ಲ. ನಾನು ಪರದೆಯ ಹಿಂದೆ ಗಿರಗಟ್ಟೆ ಹಿಡಿದು ನಿಂತಿದ್ದವನು ತುಟಿ ಬಿಚ್ಚಲಿಲ್ಲ. ಅಪ್ಪ ಹೋಗುವವರೆಗೂ ಬಿಚ್ಚಲಿಲ್ಲ.

ಈಗ ಅಪ್ಪನೇ ಜಡೆ ಹಾಕಿಕೊಂಡು ಮರಳಿರುವಾಗ ಇನ್ನೂ ಬಚ್ಚಿಟ್ಟರೆ ಮುಂದಿನ ಜನ್ಮಕ್ಕೂ ಈ ಗಂಟು ಹೊರಬೇಕಲ್ಲ?

ಮೊನ್ನೆ ರಜೆಯ ಮಧ್ಯಾಹ್ನ. ಹೆಂಡತಿ ಹೊರಗೆ ಹೋಗಿದ್ದಳು. ಅಮ್ಮ ಪರದೆಯಾಚೆ ಮಲಗಿದ್ದಳು. ಮಗಳನ್ನು ಅಪ್ಪನ ಸ್ಟೂಲಿನ ಮೇಲೆ ಕೂರಿಸಿ ಎಲ್ಲವನ್ನೂ ಒಪ್ಪಿಕೊಂಡೆ.

ಅವಳ ಮುಖ ಗಂಭೀರವಾಯಿತು. “ಕತ್ತರೀಲಿ ತಗಡು ಕತ್ತರಿಸೋದು ಅಷ್ಟು ದೊಡ್ಡ ತಪ್ಪಾ?”

“ದೊಡ್ಡದೇ.”

“ಚಿಕ್ಕೋರು ಗೊತ್ತಿಲ್ದೆ ಮಾಡಿದ್ರೆ ಕ್ಷಮಿಸ್ಬೋದಲ್ವಾ?”

“ಕ್ಷಮಿಸಲೇಬೇಕು!” ನನ್ನ ಪರವಾಗಿ ನಾನೇ ವಕೀಲನಾದೆ.

“ಬೈಯೋ ಹಾಗಿಲ್ಲ?”

“ಏಳೇಳು ಜನ್ಮಕ್ಕೂ ಇಲ್ಲ.”

“ಹೂಂ” ಎಂದು ಸ್ಟೂಲಿನಿಂದ ಇಳಿದು ಬೀದಿಗೆ ಓಡಿದಳು.

ಎದೆ ಹತ್ತಿಯಷ್ಟು ಹಗುರವಾಯಿತು. ಅದೇ ಉತ್ಸಾಹದಲ್ಲಿ ನೀಲಿ ಉಣ್ಣೆಯ ಬಟ್ಟೆ ಹಾಸಿ ಕತ್ತರಿ ಆಡಿಸಿದೆ. ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಕರುವಿನ ಹಾಗೆ ಅಗಿಯಿತು. ಅಲಗಿನಲ್ಲಿ ಎರಡು ಹಲ್ಲು ಮುರಿದಂಥ ಗುಳಿ! ಅಷ್ಟರಲ್ಲಿ ಹೆಂಡತಿ ಒಳಗೆ ಕಾಲಿಟ್ಟಳು.

“ಅಡಿಗೆಮನೆಗೆ ಕತ್ತರಿ ಒಯ್ದೋಳು ನೀನೇ ತಾನೇ!”

ನನ್ನ ಬಾಯಿಗೆ ಆ ಧ್ವನಿ ಎಲ್ಲಿಂದ ಬಂತೋ ನನಗೇ ಗೊತ್ತಾಗಲಿಲ್ಲ. ಅವಳು ಚೀಲ ಕೆಳಗಿಟ್ಟು ಕಿಟಕಿಯತ್ತ ಬೆರಳು ತೋರಿಸಿದಳು. ಹೊರಗೆ ಮಗಳ ಕೈಯಲ್ಲಿ ತಗಡಿನ ಗಿರಗಟ್ಟೆ ಗಿರ್ರನೆ ತಿರುಗುತ್ತಿತ್ತು.

ಪರದೆ ಸರಿಯಿತು. ಅಮ್ಮ ನಿಂತಿದ್ದಳು.

“ಯಾರು ಯಾರಾಗಿ ಹುಟ್ಟಿದ್ದಾರೆ ಅಂತ ಈಗ ಗೊತ್ತಾಯ್ತೇನೋ? ತಗಡು ಕತ್ತರಿಸಿದ್ದಾಳಲ್ಲ, ಅವಳು ನೀನು. ಹಿಂದೆ ಮುಂದೆ ನೋಡ್ದೆ ಹೆಂಡ್ತಿ ಮೇಲೆ ಹಾರಿದೆಯಲ್ಲ, ನೀನು ನಿಮ್ಮಪ್ಪ. ದಿನಾ ಸಂಜೆ ಬೀಗ ಮೂರು ಸಲ ಜಗ್ಗೋನು ಯಾರು? ನೂಲು ನೂಲು ಅಂತ ಗೊಣಗೋನು ಯಾರು? ಮಗು ನಿನ್ನ ನೋಡೇ ಕಲಿತಿದ್ದು.”

(ಸಾಯುವ ತೊಂದರೆಯಿಲ್ಲದೆ ಮರುಜನ್ಮ ಪಡೆದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.)

“ಅಮ್ಮಾ, ನೀನು ಎಲ್ಲಾ ಕೇಳಿಸ್ಕೊಂಡ್ಯಾ?”

“ಕೇಳೋದೇನು, ಅವತ್ತೇ ಗೊತ್ತಿತ್ತು. ಪರದೆ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಹೊಡೆತ ತಿಂತೀಯ ಅಂತ ಬೈಗುಳ ನಾನು ತಿಂದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಮೂವತ್ತೆರಡು ವರ್ಷ ಕಾದೆ. ನೀನು ಹೋಗಿ ಕ್ಷಮೆ ಕೇಳಿದ್ದು ಯಾರ ಹತ್ರ?”

ನಾನು ಕೈ ಜೋಡಿಸಿದೆ. ಅಮ್ಮ ನನ್ನ ಅಂಗಿಯ ಕಾಲರ್ ಸರಿಮಾಡಿದಳು. “ಹೋಗ್ಲಿ ಬಿಡು. ಅವಳನ್ನ ಬೈಬೇಡ, ಮಾತು ಕೊಟ್ಟಿದ್ದೀಯ.”

“ಅತ್ತೆ” ಎಂದಳು ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು, “ಆಗ ನೀವು ಮಾವನ ಹತ್ರ ಎಷ್ಟು ದಿನ ಮಾತು ಬಿಟ್ಟಿದ್ರಿ?”

“ಒಂದು ತಿಂಗಳು.”

“ಸರಿ” ಎಂದು ಒಳಗೆ ನಡೆದಳು.

ಇವತ್ತಿಗೆ ಒಂಬತ್ತನೇ ದಿನ. ಅವಳ ಮಾತೆಲ್ಲ ಮಗಳ ಮೂಲಕವೇ ಬರುತ್ತದೆ. ಈಗ ಸಂಜೆ ಮುಂಗೋಣೆಗೆ ಬೀಗ ಹಾಕಿ, ಜಗ್ಗಲೇಬಾರದೆಂದು ನಿಶ್ಚಯಿಸಿ, ಮೂರು ಸಲ ಜಗ್ಗಿ ‘ಹೂಂ’ ಎಂದೆ. ಬೆನ್ನ ಹಿಂದೆ ಗಿರಗಟ್ಟೆಯ ಸದ್ದು.

“ತಾತಾ, ಊಟಕ್ಕೆ ಬರ್ಬೇಕಂತೆ.”