ಹುಳ ಇಲ್ಲದ ಕಲೇಜಾ

ಕಮೇಲಾ ಅಂದ್ರ ಕುರಿ, ಆಡು ಕಡಿಯೋ ಜಾಗ. ಅಲ್ಲಿ ದಿನಾ ಹೊಟ್ಟಿ ಸೀಳ್ತಾರ, ದಿನಾ ಒಂದು ನಗೋ ಮಾತು ಹೊರಗ ಬೀಳ್ತದ.

ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ಶಹಾಬಾದದ ಕಮೇಲಾದಾಗ ನಾನು ಜವಾನ. ದನದ ಡಾಕ್ಟರ್ ಸಾಹೇಬ್ರು ಮಾಂಸ ನೋಡಿ ಹ್ಞೂಂ ಅಂದ್ರ ನಾನು ಮುದ್ರಿ ಒತ್ತಬೇಕು. ನಮ್ಮಾಕಿಗೆ ಮೈಯಾಗ ರಕ್ತ ಕಡಿಮಿ ಇತ್ತು. ಹಕೀಮರು ಕಲೇಜಾ, ಅಂದ್ರ ಕುರಿ ಲಿವರು, ತಿನ್ನಸ್ರಿ ಅಂದಿದ್ರು. ಕಲೇಜಾದ ನಡುವೇ ನನ್ನ ಕೆಲಸ. ಆದ್ರ ಸಾಹೇಬ್ರು ಕೊಯ್ದದ್ರಾಗೆಲ್ಲ ಹುಳ. "ಹುಳದ್ದು ತಂದ್ರ ಮೊದಲು ನಿಮಗೇ ಉಣಸ್ತೀನಿ" ಅಂದಿದ್ಲು ಆಕಿ. ಸಂಜಿಗೆ ಮನಿಗೆ ಬಂದ್ರ ಮೊದಲ ಪ್ರಶ್ನಿ, "ಇವತ್ತರ ಸಿಕ್ತೇನ್ರಿ?" ಸಿಗದಿದ್ದಾಗ ಅಲ್ಲಿ ನಡೆದದ್ದು ಹೇಳ್ತಿದ್ದೆ. ಆಕಿ ಹೋದ ಮ್ಯಾಲ ಕೇಳೋರಿಲ್ಲ. ಅದಕ್ಕ ಬರೀಲಿಕತ್ತೀನಿ.

ಕಲೇಜಾ ಇಲ್ಲದ ಕುರಿ

ಸಾಹೇಬ್ರು ಹೊಸದಾಗಿ ಬಂದಾಗ ಮೊದಲು ಕಲೇಜಾನೇ ಕೊಯ್ದು ನೋಡ್ತಿದ್ರು. ಹುಳ ಕಂಡ್ರ ಸುಣ್ಣ ಹಾಕಿ ಹೂಳಸ್ತಿದ್ರು. ಕಟುಕರಿಗೆ ಇದು ತಿಳೀತು. ಒಂದಿನ ಒಬ್ಬ ಕುರಿ ತೂಗಹಾಕಿದ. ಒಳಗ ಕಲೇಜಾನೇ ಇಲ್ಲ.

"ಕಲೇಜಾ ಎಲ್ಲದ?"

"ಈ ಕುರಿಗೆ ಇರಲಿಲ್ರಿ ಸಾಹೇಬ್ರ."

"ಕಲೇಜಾ ಇಲ್ದ ಹೆಂಗ ಬದುಕಿತ್ತು?"

ಕಟುಕ ತಲಿ ಕೆರಕೊಂಡ. "ಬದುಕೋದು ಕಷ್ಟ ಅಂತನೇ ಕಡದೀವ್ರಿ."

ಎಲಿ

ಸಾಹೇಬ್ರಿಗೆ ಯಾವ ಊರಿನ ಕುರಿಗೆ ಹುಳ ಹೆಚ್ಚು ಅಂತ ತಿಳಕೊಳ್ಳೋ ಹುಚ್ಚು. ಕೆರಿ ದಂಡ್ಯಾಗ ಮೇಯ್ದದ್ದಕ್ಕ ಭಾಳ ಅಂತ ಅವರ ಮಾತು. ನನಗೂ ಆಶಾ ಹುಟ್ಟಿತು. ಕೆರಿ ಕಾಣದ ಕುರಿ ಬಂದ್ರ ನಮ್ಮಾಕಿ ಪುಣ್ಯ.

ಗುಂಡಗುರ್ತಿಯ ಕುರಿಗಾರನಿಗೆ ಸಿಟ್ಟು ಬಂತು. ತನ್ನ ಕುರಿಗೆ ಹುಳ ಅಂದದ್ದು ಅವನಿಗೆ ಮರ್ಯಾದಿ ಮಾತು. ಖುದ್ದು ಬಂದ. ಸಾಹೇಬ್ರು ಪ್ಲೇಟಿನ್ಯಾಗ ಹುಳ ಇಟ್ಟು ತೋರಿಸಿದ್ರು. ಅಗಲಾಗಿ, ಚಪ್ಪಟಿಯಾಗಿ, ಸಣ್ಣ ಎಲಿ ಇದ್ದಂಗ.

ಕುರಿಗಾರ ಬಗ್ಗಿ ನೋಡಿದ. "ಇದು ಎಲಿನೇ ಬಿಡ್ರಿ. ತಿಂದದ್ದು ಅರಗಿಲ್ಲ."

"ಎಲಿ ಅಲಗಾಡ್ತದೇನೋ?"

ಅಂವ ಇನ್ನೊಮ್ಮಿ ನೋಡಿದ. ಎದ್ದು ಹೋಗಿ ಕಿಡಕಿ ಮುಚ್ಚಿದ. "ಗಾಳಿ ಭಾಳ ಅದ್ರಿ."

ಚಿಂಚೋಳಿಯ ಹೋತ

ನಮ್ಮಾಕಿಗೆ ಏಳೋದೂ ಕಷ್ಟ ಆಗಿತ್ತು. ಸಾಹೇಬ್ರಿಗೆ ಹೇಳಿದೆ. "ಒಂದು ಸಿಗ್ತದ, ತಡಿ" ಅಂದ್ರು.

ಚಿಂಚೋಳಿ ಗುಡ್ಡದ ಕಡಿಯಿಂದ ಒಂದು ಹೋತ ಬಂತು. ಸಾಹೇಬ್ರು ಕಲೇಜಾ ಕೊಯ್ದ್ರು. ಹುಳ ಇಲ್ಲ. ಕಟುಕ ನನ್ನ ಕಡಿ ನೋಡಿ "ಇದು ನಿಮ್ಮ ಮನಿ ಅಕ್ಕಗ" ಅಂದ. ನಾನು ಅರಬಿ ಹಾಸಿ ಕೈ ಚಾಚಿದೆ.

"ತಡಿ. ಇರಲೇಬೇಕು" ಅಂದ್ರು ಸಾಹೇಬ್ರು. ಇನ್ನೊಂದು ಕಡಿ ಕೊಯ್ದ್ರು. ಇಲ್ಲ. ಕನ್ನಡಕ ಒರಸಿಕೊಂಡು ಮತ್ತ ಕೊಯ್ದ್ರು.

"ಸಾಕ್ರಿ ಸಾಹೇಬ್ರ."

"ಸುಮ್ನಿರು. ಎಲ್ಲಿ ಅಡಗ್ಯಾದೋ ನೋಡೂಣು."

ತುಂಡು ಮಾಡಿದ್ರು. ತುಂಡು ಹಿಂಡಿದ್ರು. ಹಿಂಡಿದ್ದು ಮತ್ತ ಕೊಚ್ಚಿದ್ರು. ಕಟುಕ ನನ್ನ ಕಿವ್ಯಾಗ "ಇವರನ್ನ ನಮ್ಮ ಅಂಗಡಿಗೆ ಕೊಡ್ತೀರೇನು?" ಅಂದ. ಕಡಿಗೆ ಸಾಹೇಬ್ರು ಖುಷಿಯಿಂದ ಎದ್ರು. "ಒಂದೂ ಇಲ್ಲ. ಅಗದಿ ಸ್ವಚ್ಛ. ಒಯ್ಯಿ."

ಒಯ್ದೆ. ನಮ್ಮಾಕಿ ಅರಬಿ ಬಿಚ್ಚಿ ನೋಡಿದ್ಲು. ಒಳಗ ಚಟ್ನಿ ಇದ್ದಂಗ ಇತ್ತು.

"ಕಲೇಜಾ ಎಲ್ರಿ?"

"ಇದೇ."

"ಯಾರು ಹೆಚ್ಚಿದ್ದು?"

"ಡಾಕ್ಟರ್ ಸಾಹೇಬ್ರು."

ಆಕಿ ಒಲಿ ಮುಂದ ಕುಂತು ಖಾರ ಹಾಕಿ ಹುರಿದ್ಲು. ರೊಟ್ಟಿ ಕೂಡ ಪೂರ್ತಿ ಉಂಡ್ಲು. ಎಷ್ಟೋ ದಿನದ ಮ್ಯಾಲ ಆಕಿ ಹಂಗ ಉಂಡದ್ದು ನೋಡಿದೆ.

ಕೈ ತೊಳಕೊಂಡು ಅಂದ್ಲು, "ನಾಳಿ ನಿಮ್ಮ ಸಾಹೇಬ್ರನ್ನ ಮನಿಗೆ ಕರೀರಿ."

"ಊಟಕ್ಕೇನು?"

"ಅಲ್ಲ. ಉಳ್ಳಾಗಡ್ಡಿ ಹೆಚ್ಚಲಿಕ್ಕ."