ವಾರಸುದಾರರಿಲ್ಲದ ಬಿಳಿ ಚೀಟಿ

ಶೌಕತ್‌ಗೆ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಹಳದಿ ಬಣ್ಣ. ಆ ಹಳದಿಯನ್ನು ಅವನು ಇದ್ದ ಹಾಗೆ ಇರಲು ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಿಡಬೇಕಲ್ಲ!

ಯಲ್ಲಾಪುರದ ಒಂದು ಪಾರ್ಸೆಲ್ ಆಫೀಸಿನಲ್ಲಿ ಅವನು ಬುಕಿಂಗ್ ಗುಮಾಸ್ತ. ಮನೆ ಇರುವುದು ಶಿರಸಿಯಲ್ಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವಾಗ ಮಗಳು ನಿಲೋಫರ್ ನಿದ್ದೆಯಲ್ಲಿರುತ್ತಿದ್ದಳು, ಮರಳುವ ಹೊತ್ತಿಗೆ ಮತ್ತೆ ನಿದ್ದೆ ಹೋಗಿರುತ್ತಿದ್ದಳು. ಬಾಲವಾಡಿಯಲ್ಲಿ ಟೀಚರ್ ಮನೆಯವರ ಚಿತ್ರ ಬರೆಯಲು ಹೇಳಿದರೆ ಅವಳು ಅಮ್ಮಿಯನ್ನು ಬರೆದಳು, ಬೆಕ್ಕನ್ನು ಬರೆದಳು, ಪೆನ್ಸಿಲ್ ಕೆಳಗಿಟ್ಟಳು. ಅಬ್ಬಾ ಎಲ್ಲಿ ಎಂದು ಕೇಳಿದರೆ, "ಅವ್ರು ಭಾನುವಾರ ಮಾತ್ರ ಬರೋದು" ಎಂದಳಂತೆ. ಹೆಂಡತಿ ಸಕೀನಾ ಇದನ್ನು ನಗುತ್ತ ಹೇಳಿದ್ದಳು. ಶೌಕತ್ ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದ.

ಈಗ ಅದೇ ಕಂಪನಿಯ ಶಿರಸಿ ಆಫೀಸಿನಲ್ಲಿ ಗುಮಾಸ್ತನ ಕುರ್ಚಿ ಖಾಲಿಯಾಗಿತ್ತು. ಮಾಲೀಕರಾದ ಫರಾಜ್ ಸಾಹೇಬರು ಹುಬ್ಬಳ್ಳಿಯವರು. ಅವರು ಇವತ್ತು ಸಿದ್ದಾಪುರದ ಆಫೀಸು ನೋಡಿ, ಶಿರಸಿ ದಾಟಿ, ಸಂಜೆ ಯಲ್ಲಾಪುರಕ್ಕೆ ಬಂದು ಆ ಕುರ್ಚಿ ಯಾರಿಗೆಂದು ಹೇಳುವವರಿದ್ದರು.

"ಈ ಸಲನಾದ್ರೂ ಬಾಯ್ಬಿಟ್ಟು ಕೇಳಿ" ಎಂದು ಸಕೀನಾ ಬಸ್ ಸ್ಟ್ಯಾಂಡಿನವರೆಗೂ ಫೋನಿನಲ್ಲಿ ಹೇಳುತ್ತಲೇ ಇದ್ದಳು. "ಹೋದ್ ಸಲ ಸಾಹೇಬ್ರ ಎದುರು ನಿಂತು ಏನ್ ಕೇಳಿದ್ರಿ? 'ಚಾ ತರಿಸ್ಲಾ' ಅಂತ ಕೇಳಿದ್ರಿ!"

ಅದು ನಿಜವೇ. ಫರಾಜ್ ಸಾಹೇಬರ ಎದುರು ಶೌಕತ್‌ನ ನಾಲಿಗೆ ಏಳುವುದಿಲ್ಲ. ಬರೆದುಕೊಂಡು ಓದೋಣವೆಂದರೆ ಕೈ ನಡುಗಿ ಕಾಗದವೂ ನಡುಗುತ್ತದೆ. ಅದಕ್ಕೇ ಅವನು ಕಂಪ್ಯೂಟರಿನ ಮೊರೆ ಹೋದ. ಆಫೀಸಿನ ಇ-ಮೇಲ್ ತೆರೆದರೆ ಮೂಲೆಯಲ್ಲಿ ಅಂಟುಚೀಟಿ ಎಂಬ ಸೌಕರ್ಯವೊಂದಿತ್ತು. ಅದನ್ನು ಒತ್ತಿದರೆ ಪರದೆಯ ಮೇಲೆ ಸಣ್ಣ ಹಳದಿ ಚೀಟಿ ಎದ್ದು ಕೂರುತ್ತದೆ. ಪರದೆಯಂತೂ ನಡುಗುವುದಿಲ್ಲ. ಸಾಹೇಬರು ಮುಂದೆ ಕೂತಾಗ ಅದನ್ನು ನೋಡಿಕೊಂಡು ಓದಿಬಿಟ್ಟರಾಯಿತು.

ಮೊದಲ ಸಾಲಿನಲ್ಲಿ "ಶೌಕತ್, ಶಿರಸಿ" ಎಂದು ಬರೆದ. ಪಾರ್ಸೆಲ್ ಆಫೀಸಿನಲ್ಲಿ ಪಳಗಿದ ಕೈ ಅದು, ಏನೇ ಬರೆದರೂ ಮೊದಲು ಹೆಸರು, ಆಮೇಲೆ ಊರು. ಕೆಳಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದ. "ಮನೆ ಬಿಡುವಾಗ ಮಗು ನಿದ್ದೆ, ಮನೆ ಸೇರುವಾಗ ಮಗು ನಿದ್ದೆ. ಅವಳು ನನ್ನ ಮುಖ ಮರೆಯುವ ಮೊದಲು ನನಗೆ ಶಿರಸಿ ಕೊಡಿ ಸಾಹೇಬರೇ" ಎಂದು ಕೊನೆಗೆ ಬರೆಯುವಾಗ ಅವನಿಗೇ ಕಣ್ಣು ಮಂಜಾಯಿತು.

ಇಷ್ಟಕ್ಕೇ ನಿಲ್ಲಿಸಿ ಎದ್ದಿದ್ದರೆ ಚೆನ್ನಾಗಿತ್ತು. ಅವನು ಚೀಟಿಯ ಅಂದಚೆಂದಕ್ಕೆ ಕೈ ಹಚ್ಚಿದ. ಅಂಚು ಹಿಡಿದು ಎಳೆದರೆ ಚೀಟಿ ದೊಡ್ಡದಾಯಿತು. ಆಯ್ಕೆಗಳಿಗೆ ಹೋಗಿ ಅಕ್ಷರ ದಪ್ಪ ಮಾಡಿದ. ಕೊನೆಗೆ ಆ ಹಳದಿ ಅವನ ಕಣ್ಣಿಗೆ ಬಿತ್ತು. ಅವರ ಕಂಪನಿಯಲ್ಲಿ ಮಾಲಿಗೆ ಅಂಟಿಸುವ ಕಾಗದದ ಚೀಟಿಗಳಿಗೆ ಬಣ್ಣದ ಕಾನೂನು ಇದೆ: ಹಳದಿ ಅಂದರೆ ಮಾಲು ತಡೆ, ಹಸಿರು ಅಂದರೆ ರವಾನೆ, ಗುಲಾಬಿ ಅಂದರೆ ಒಡೆಯುವ ಸಾಮಾನು. ಇಂಥ ಒಳ್ಳೆಯ ಕೆಲಸಕ್ಕೆ ತಡೆಯ ಬಣ್ಣವೇ? ಛೆ! ಅವನು ಚೀಟಿಯನ್ನು ಹಸಿರು ಮಾಡಿ, ಸಮಾಧಾನದಿಂದ ಕುರ್ಚಿಗೆ ಒರಗಿದ.

ಫೋನು ಬಡಿದುಕೊಂಡಿತು. ಶಿರಸಿ ಆಫೀಸಿನ ಲೆಕ್ಕದ ನಗ್ಮಾ.

"ಶೌಕತ್ ಭಾಯ್, ನಿಮ್ಮ ಮಾಲು ಹಸಿರಾಯ್ತಲ್ಲ! ಎಂತ ಕಳಿಸ್ತಾ ಇದ್ದೀರಿ? ವ್ಯಾನಲ್ಲಿ ಜಾಗ ಇಡಿಸ್ಲಾ?"

"ನನ್ನ ಯಾವ ಮಾಲು?"

"ಇಲ್ಲೇ ಕಾಣ್ತದಲ್ಲ, ಇ-ಮೇಲಲ್ಲಿ. ಶೌಕತ್, ಶಿರಸಿ ಅಂತ ಚೀಟಿ. ಇನ್ಮುಂದೆ ಚೀಟಿ ಎಲ್ಲ ಕಂಪ್ಯೂಟರಲ್ಲೇ ಅಂತ ಹುಬ್ಬಳ್ಳಿಯಿಂದ ಹೊಸ ಪದ್ಧತಿ ಬಂತೇನೋ ಅಂದ್ಕೊಂಡೆ. ಒಳ್ಳೇದಾಯ್ತು ಬಿಡಿ, ಗೋಂದಿನ ಖರ್ಚು ಉಳೀತು."

ಶೌಕತ್‌ಗೆ ಆಗ ನೆನಪಾಯಿತು. ಮೂರೂ ಊರಿನ ಆಫೀಸಿಗೆ ಇದ್ದದ್ದು ಒಂದೇ ಇ-ಮೇಲ್ ಖಾತೆ. ಇಲ್ಲಿ ಅಂಟಿಸಿದ ಚೀಟಿ ಶಿರಸಿಯಲ್ಲೂ ಸಿದ್ದಾಪುರದಲ್ಲೂ ಹೋಗಿ ಕೂತಿತ್ತು! ಪುಣ್ಯಕ್ಕೆ ಯಾರೂ ಕೆಳಗಿನದನ್ನು ಓದಿರಲಿಲ್ಲ. ಪಾರ್ಸೆಲಿನವರು ಚೀಟಿಯಲ್ಲಿ ಹೆಸರು, ಊರು, ಬಣ್ಣ ಬಿಟ್ಟರೆ ಬೇರೇನನ್ನೂ ನೋಡುವುದಿಲ್ಲ. ರವಾನೆ ನಿಲ್ಲಿಸಬೇಕೆಂದು ಅವನು ಗಡಿಬಿಡಿಯಲ್ಲಿ ಹಳದಿ ಒತ್ತಲು ಹೋದ. ಬೆರಳು ಜಾರಿ ಗುಲಾಬಿ ಬಿತ್ತು.

ಈ ಸಲ ಸಿದ್ದಾಪುರದ ಗುಮಾಸ್ತ ಗಿರೀಶನ ಫೋನು. "ಒಡೆಯೋ ಸಾಮಾನಂತೆ ಮಾರಾಯ್ರೇ! ಗಾಜಿನ ಕಪಾಟಾ ಎಂತದು? ಹುಲ್ಲು ಹಾಕಿ ಪ್ಯಾಕ್ ಮಾಡ್ಸಿ, ಘಟ್ಟದ ರಸ್ತೆ ಗೊತ್ತಲ್ಲ."

"ಕಪಾಟೂ ಇಲ್ಲ ಎಂತದೂ ಇಲ್ಲ, ಫೋನಿಡು" ಎಂದು ಶೌಕತ್ ಗದರಿದ. ಸ್ವಲ್ಪ ಹೊತ್ತಿಗೆ ಸಕೀನಾಳ ಫೋನು ಬಂತು.

"ಗಿರೀಶ ಹೇಳಿದ ಅಂತ ನಗ್ಮಾ ಫೋನ್ ಮಾಡಿದ್ಲು. ಮನೆಗೆ ಗಾಜಿನ ಕಪಾಟು ಬರ್ತದಂತೆ? ಕುರ್ಚಿ ಕೇಳಿ ಅಂತ ಕಳಿಸಿದ್ರೆ ನೀವು ಕಪಾಟು ಕೊಂಡ್ರಾ? ನಿಮಗೇನು ತಲೆ ಕೆಟ್ಟಿದ್ಯಾ?"

"ಸಕೀನಾ, ಅದು ಕಪಾಟಲ್ಲ, ಚೀಟಿ..."

"ಚೀಟಿ ಬೇರೆ ಹಾಕಿದ್ದೀರಾ! ಯಾರ ಹತ್ರ?" ಅವಳು ಫೋನಿಟ್ಟಳು.

ಮಾಲು ಎತ್ತುವ ಹಮಾಲ ಬೈರ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದ. "ಅದನ್ನ ಅಳಿಸಿ ಒಗೀರಲ್ಲ ಸಾಬ್ರೇ."

"ಅಳಿಸಿದ್ರೆ ಸಾಯಂಕಾಲ ಸಾಹೇಬ್ರ ಎದುರು ಎಂತ ಓದ್ಲಿ? ಅಷ್ಟು ಚಂದ ಮತ್ತೆ ಬರೀಲಿಕ್ಕೆ ಆಗ್ತದೇನೋ ನನ್ನ ಕೈಲಿ?"

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಮೊದಲ ಸಾಲಿನಿಂದ ತನ್ನ ಹೆಸರು ತೆಗೆದುಬಿಟ್ಟ. ಚೀಟಿಯನ್ನು ಎಳೆದು ಬೆರಳಗಲ ಮಾಡಿದ. ಪರದೆ ಬಿಳಿ ಇದ್ದುದರಿಂದ ಚೀಟಿಯನ್ನೂ ಬಿಳಿ ಮಾಡಿದ. ಬಿಳಿಯ ಮೇಲೆ ಬಿಳಿ ಯಾರಿಗೆ ಕಂಡೀತು! ಹಾಯೆನಿಸಿ ಬೈರನ ಜೊತೆ ಊಟಕ್ಕೆ ಎದ್ದು, ಅರ್ಧ ದಾರಿಗೆ ಹೋಗಿ ನಿಂತ.

"ಬೈರ, ನಮ್ಮಲ್ಲಿ ಬಿಳಿ ಚೀಟಿ ಅಂದ್ರೆ ಎಂತದೋ?"

"ವಾರಸುದಾರ ಇಲ್ಲದ ಮಾಲು. ಎಲ್ಲಿ ಕಂಡ್ತೋ ಅಲ್ಲೇ, ಹಿರಿಯರ ಮುಂದೆ ಒಡೆದು, ಒಳಗೆ ಏನದೆ ಅಂತ ಕೂಗಿ ಹೇಳ್ಬೇಕು. ಯಾಕ್ರೀ?"

ಶೌಕತ್ ಓಡಿಬಂದು ಹುಡುಕಿದರೆ, ಬಿಳಿಯ ಮೇಲೆ ಬಿಳಿ, ಚೀಟಿ ಅವನ ಕಣ್ಣಿಗೇ ಸಿಗಲಿಲ್ಲ. ಸಿದ್ದಾಪುರಕ್ಕೆ ಫೋನು ಹಚ್ಚಿದ. ಅದು ಗಣಗಣ ಎಂದಿತು, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದ. ಮಧ್ಯಾಹ್ನವೆಲ್ಲ ಅವನು ಅನ್ನ ನೀರಿಲ್ಲದೆ ಫೋನು ಹಿಡಿದು ಕೂತಿದ್ದ. ಸಾಹೇಬರು ಅಲ್ಲಿರುವಾಗ ಫೋನು ಎತ್ತುವ ಧೈರ್ಯ ಗಿರೀಶನಿಗೂ ಇರಲಿಲ್ಲ.

ಸಂಜೆ ಫರಾಜ್ ಸಾಹೇಬರ ಕಾರು ಬಂತು. ಇಳಿದವರ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಪೇಡೆಯ ಪೊಟ್ಟಣ ಇತ್ತು.

"ಶೌಕತ್, ಇವತ್ತು ನಾನು ಅತ್ತುಬಿಟ್ಟೆ" ಎಂದರು ಅವರು ಕೂರುತ್ತಲೇ. "ಸಿದ್ದಾಪುರದಲ್ಲಿ ಕನ್ನಡಕ ಹಾಕಿ ಪರದೆ ನೋಡ್ತೇನೆ, ಬಿಳಿ ಮೇಲೆ ಒಂದು ಬಿಳಿ ಚೀಟಿ! ಕಾನೂನಿನ ಪ್ರಕಾರ ತೆರೆದು ಓದು ಅಂದೆ ಆ ಗಿರೀಶನಿಗೆ. ಓದ್ತಾ ಓದ್ತಾ ಅವನ ದನಿ ನಡುಗಿತು, ಬರೆದವನು ಇವನೇ ಅಂತ ಗೊತ್ತಾಯ್ತು. ಮಗು ಮುಖ ಮರೀತದೆ ಅಂತ ಬರ್ಕೊಂಡಿದ್ದಾನೆ! ಪಾಪ, ಬಾಯಲ್ಲಿ ಹೇಳಲಾರದೆ ಹೆಸರಿಲ್ಲದ ಚೀಟಿ ಮಾಡಿದ್ದಾನೆ. 'ಸಾಹೇಬ್ರೇ, ಅದು ನನ್ನದಲ್ಲ' ಅನ್ನೋಕೆ ಬಂದ. ಮಾತಾಡಬೇಡ ಅಂತ ತಬ್ಬಿಕೊಂಡು, ಶಿರಸಿ ಕುರ್ಚಿ ಅವನಿಗೇ ಕೊಟ್ಟೆ. ತಗೋ, ಪೇಡೆ ತಿನ್ನು."

ಶೌಕತ್ ಪೇಡೆ ಹಿಡಿದು ನಿಂತ. ಹಿಂದಿನಿಂದ ಬೈರ ಅವನನ್ನು ತಿವಿದ. ಜೀವನದಲ್ಲಿ ಮೊದಲ ಸಲ ಸಾಹೇಬರ ಎದುರು ಅವನ ನಾಲಿಗೆ ಎದ್ದಿತು.

"ಸಾಹೇಬ್ರೇ, ಆ ಚೀಟಿ ನಂದು. ಆ ಮಗು ನನ್ನ ನಿಲೋಫರ್."

ಸಾಹೇಬರು ಪೇಡೆಯ ಪೊಟ್ಟಣ ಮುಚ್ಚಿದರು. ನಂಬಿದರೋ ಇಲ್ಲವೋ, ಮುಖ ಮಾತ್ರ ಗಂಭೀರವಾಯಿತು. "ನಿಂದೇ ಆಗಿದ್ರೆ ಹೆಸರು ಯಾಕೆ ತೆಗೆದೆ? ವಾರಸುದಾರ ಇಲ್ಲ ಅಂತ ಒಡೆದ ಮಾಲನ್ನ ಆಮೇಲೆ ಬಂದು ನಂದು ಅಂದ್ರೆ ನಾವು ಕೊಡ್ತೇವಾ? ನೀನೇ ಎಷ್ಟು ಗಿರಾಕಿಗಳನ್ನ ವಾಪಸ್ ಕಳಿಸಿದ್ದೀಯ!"

ಶೌಕತ್ ಹಾಗೆ ಎಷ್ಟೋ ಜನರನ್ನು ಕಳಿಸಿದ್ದು ಹೌದು.

"ಆದ್ರೂ ನಿನ್ನ ಬಿಡೋದಿಲ್ಲ" ಎಂದು ಸಾಹೇಬರು ಮೃದುವಾದರು. "ಕಂಪ್ಯೂಟರ್ ಚೀಟಿ ಚೆನ್ನಾಗಿ ಗೊತ್ತಿದೆ ನಿಂಗೆ. ಗಿರೀಶನ ಜಾಗ ಖಾಲಿ ಆಯ್ತು. ನಾಳೆಯಿಂದ ನೀನು ಸಿದ್ದಾಪುರ." ಅವರು ಅವನ ಹೆಗಲು ತಟ್ಟಿ ಕಾರು ಹತ್ತಿದರು.

ಕಾರು ಹುಬ್ಬಳ್ಳಿ ರಸ್ತೆಗೆ ತಿರುಗಿದ ಮೇಲೆ ಗಿರೀಶನ ಫೋನು ಬಂತು. ಅವನು ಅಳುತ್ತಿದ್ದ.

"ಶೌಕತ್ ಭಾಯ್, ಯಾವ ಪಾಪಿ ಬರೆದನೋ ಆ ಚೀಟಿ! ನಂಗೆ ಇನ್ನೂ ಮದ್ವೆನೇ ಆಗ್ಲಿಲ್ಲ ಮಾರಾಯ್ರೇ! ಅಮ್ಮ ಇಲ್ಲಿ ಸಿದ್ದಾಪುರದಲ್ಲಿ ಒಬ್ಳೇ. ಸಾಹೇಬ್ರು ಹೋಗುವಾಗ ನಮ್ಮನೆಗೆ ಹೋಗಿ, 'ನಿಮ್ಮ ಮಗನನ್ನ ಮಗು ಹತ್ರ ಕಳಿಸ್ತಿದ್ದೇನೆ' ಅಂತ ಪೇಡೆ ಕೊಟ್ಟು ಹೋಗಿದಾರೆ. ಅಮ್ಮ ಆಗಿಂದ ಜಗಲಿ ಮೇಲೆ ಕೂತು, ಯಾರೋ ಅವಳು, ಯಾವಾಗ ಕಟ್ಕೊಂಡ್ಯೋ ಅಂತ ಅಳ್ತಿದಾಳೆ. ನೋಡಿಟ್ಟ ಹುಡುಗಿ ಮನೆಯವ್ರಿಗೂ ಸುದ್ದಿ ಮುಟ್ಟಿ ಆಯ್ತು!"

ಬರೆದ ಪಾಪಿ ನಾನೇ ಎಂದು ಶೌಕತ್ ಒಪ್ಪಿಕೊಂಡ. ಗಿರೀಶ ಬಾಯಿಗೆ ಬಂದಂತೆ ಬೈದ. ಆಮೇಲೆ ಇಬ್ಬರೂ ಸೇರಿ ಹುಬ್ಬಳ್ಳಿಗೆ ಫೋನು ಮಾಡಿ ಬೇಡಿಕೊಂಡರು. "ಅತ್ತು ಕೊಟ್ಟ ಆರ್ಡರು, ಬದಲಾಗೋದಿಲ್ಲ" ಎಂದರು ಸಾಹೇಬರು.

ಈಗ ಗಿರೀಶ ದಿನಾ ಬೆಳಿಗ್ಗೆ ಸಿದ್ದಾಪುರದಿಂದ ಶಿರಸಿಗೆ ಬರುತ್ತಾನೆ, ಶೌಕತ್ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುತ್ತಾನೆ. ಕಾನಸೂರಿನ ಹತ್ತಿರ ಎರಡೂ ಬಸ್ಸುಗಳು ಎದುರಾಗುತ್ತವೆ. ರಸ್ತೆ ಸಣ್ಣದು, ಒಂದನ್ನೊಂದು ಉಜ್ಜುವ ಹಾಗೆ ನಿಧಾನ ದಾಟಬೇಕು. ಆಗ ಗಿರೀಶ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಾನೆ.

"ಮಗು ಹುಷಾರಿದ್ಯಾ ಶೌಕತ್ ಭಾಯ್? ಅಮ್ಮ ದಿನಾ ಕೇಳ್ತಾಳೆ."

"ಮಲಗಿತ್ತು ಮಾರಾಯಾ" ಎನ್ನುತ್ತಾನೆ ಶೌಕತ್.