ಸಾಹೇಬರ ಗಿಟಾರು

ಪ್ರೇಮಕುಮಾರ ಆ ಸೋಮವಾರ ತಲೆಗೆ ಎರೆದುಕೊಳ್ಳದೆ ಮೈಗಷ್ಟೇ ನೀರು ಸುರುವಿಕೊಂಡು ಹೊರಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅಂದು ಸಾಹೇಬರು ಅವನ ವರ್ಗಾವಣೆಯ ಶಿಫಾರಸಿಗೆ ಸಹಿ ಹಾಕುವ ದಿನ. ಅಂಥ ದಿನ ತಲೆಸ್ನಾನ ಇಲ್ಲದಿದ್ದರೆ ಹೇಗೆ ಎಂದು ಅವನು ಶಾಂಪೂ ಪೊಟ್ಟಣ ಹರಿದ.

ಅವನು ಏಳು ವರ್ಷದಿಂದ ಶರಣಸಿರಸಗಿಯ ಮನೆಯಿಂದ ಕಲಬುರಗಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಕಮಲಾಪುರದ ಆಫೀಸಿಗೆ, ಸಂಜೆ ಮತ್ತೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದ ಗುಮಾಸ್ತ. ಯಾವ ಕಂಡಕ್ಟರನ ಮಗಳು ಎಷ್ಟನೇ ಈಯತ್ತೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಲಬುರಗಿಯಲ್ಲೊಂದು ಕುರ್ಚಿ ಸಿಕ್ಕರೆ ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ಉಣ್ಣಬೇಕು, ಅದೊಂದೇ ಅವನ ಆಸೆ. ಅದಕ್ಕಾಗಿ ಅಮರನಾಥ ಸಾಹೇಬರು ಹೇಳಿದ್ದು ಒಂದೇ ಕೆಲಸ.

“ನನ್ನ ಗಿಟಾರ್ ಬುರ್ಹಾನುದ್ದೀನ್ ಕಡೆ ರಿಪೇರಿಗೆ ಕೊಟ್ಟೀನಿ. ಬರೂಮುಂದ ತಗೊಂಡು ಬಾ. ಒಂದು ಗೀರೂ ಬೀಳಬಾರದು. ಯಾರದಂತ ಯಾರರೆ ಕೇಳಿದ್ರ ನನ್ನ ಹೆಸರು ತೆಗೀಬ್ಯಾಡ. ನಾ ಪೆನ್ನು ಕೈಯಾಗ ಹಿಡ್ಕೊಂಡೇ ಕುಂತಿರ್ತೀನಿ.”

ಬುರ್ಹಾನುದ್ದೀನನದು ಕಲಬುರಗಿಯ ನೆಹರು ಗಂಜಿನಲ್ಲಿ ರೇಡಿಯೋ, ಮೈಕು ರಿಪೇರಿ ಮಾಡುವ ಅಂಗಡಿ. ಅಂದು ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆದು ಅವನು ಗಿಟಾರನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಅದರ ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಮರದ್ದಲ್ಲ, ಮೈಯೆಲ್ಲ ಲೋಹ. ಹಳೇ ಕಾಲದ ವಿದೇಶಿ ಇಲೆಕ್ಟ್ರಿಕ್ ಗಿಟಾರು. ಇಂಥವನ್ನು ಶೋಕಿದಾರರು ಬಾರಿಸುವುದಿಲ್ಲವಂತೆ, ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತಾರಂತೆ.

“ಸಂಭಾಲ್ಕೆ ಲೇಜಾವ್ ಭಾಯಿ, ಜ್ವಾಕಿ,” ಎಂದ ಬುರ್ಹಾನುದ್ದೀನ್. “ದುನಿಯಾದಾಗ ಇಂಥವು ಭಾಳ ಇಲ್ಲ.”

ಸ್ನಾನಕ್ಕೆಂದು ಮನೆಗೆ ಮರಳಿದಾಗ ತಾಯಿ ಪುತಳಾಬಾಯಿ ಪೆಟ್ಟಿಗೆಯೊಳಗೆ ಇಣುಕಿ, “ಇದೇನೋ, ಜರ್ಮನ್ ಬೋಗೋಣಿ ಇದ್ದಂಗ ಅದ! ಯಾರದು?” ಎಂದಳು.

ಸಾಹೇಬರ ಹೆಸರು ತೆಗೆಯುವಂತಿಲ್ಲ. “ನಂದೇ, ಬೇ,” ಎಂದು ಹೇಳಿ ಅವನು ಬಚ್ಚಲಿಗೆ ನಡೆದ.

ಪುತಳಾಬಾಯಿಗೆ ಚಿಂತೆ ಹತ್ತಿತು. ಬಸ್ಸಿನಲ್ಲಿ ಈ ಮಗ ಈಗಾಗಲೇ ಮೂರು ಊಟದ ಡಬ್ಬಿ ಕಳೆದು ಬಂದವನು. ಅತ್ತ ಪಕ್ಕದ ಮನೆಯ ಸೂಗಮ್ಮನ ಕಟ್ಟೆಯ ಮೇಲೆ, ಮಗಳ ಮದುವೆಗೆ ತಂದ ಪಾತ್ರೆಗಳನ್ನು ರಾಶಿ ಹಾಕಿಕೊಂಡು ಭಾಂಡೆ ಅಂಗಡಿಯ ಆಮಿರ್ ಟರ್ರ್ ಎಂದು ಹೆಸರು ಕೊರೆಯುತ್ತಿದ್ದ.

“ಇದಕ್ಕೂ ಹೆಸರು ಹಾಕ್ಸಿಬಿಡ್ರಿ ಅಕ್ಕಾ,” ಎಂದಳು ಪೆಟ್ಟಿಗೆ ಎತ್ತಿಕೊಂಡು ಬಂದ ಅವಳಿಗೆ ಸೂಗಮ್ಮ. “ಹೆಂಗಿದ್ರೂ ಮಷೀನ್ ಹಚ್ಚ್ಯಾನ. ಹೆಸರಿಲ್ಲದ್ದಕ್ಕ ನಮ್ಮವು ಎರಡು ಕೊಡ ಹೋದ್ವು, ಗೊತ್ತದಲ್ಲ?”

ಆಮಿರ್ ಗಿಟಾರು ನೋಡಿ ತಲೆ ಕೆರೆದುಕೊಂಡ. “ಅವ್ವಾ, ಇದು ಭಾಂಡೆ ಅಲ್ಲ.”

“ಲೋಹ ಅದೋ ಇಲ್ಲೋ?” ಎಂದಳು ಪುತಳಾಬಾಯಿ.

“ಅದ.”

“ಮತ್ತ ಬರಿ.”

ಬರೆದ. ‘ಪ್ರೇಮಕುಮಾರ ತಂದೆ ರಾಮಣ್ಣ, ಶರಣಸಿರಸಗಿ’. ಕಳೆದರೆ ಸಿಕ್ಕವರು ತಿಳಿಸಲಿ ಎಂದು ಸೂಗಮ್ಮ ಫೋನ್ ನಂಬರೂ ಹಾಕಿಸಿದಳು. ಇನ್ನೂ ಜಾಗ ಉಳಿದಿತ್ತೆಂದು ಆಮಿರ್ ತನ್ನ ಖುಷಿಗೆ ಒಂದು ಹೂಬಳ್ಳಿ, ಅದರ ಮೇಲೆ ಎರಡು ಗಿಳಿ ಕೂರಿಸಿದ.

ತಲೆ ಒರೆಸುತ್ತ ಹೊರಬಂದ ಪ್ರೇಮಕುಮಾರ ಗಿಳಿಗಳನ್ನು ನೋಡಿದ. ಟವೆಲು ಕೈಯಿಂದ ಜಾರಿತು.

“ಏನ್ ಮಾಡ್ದಿ ಬೇ!”

“ಯಾಕೋ, ಅಕ್ಷರ ಸಣ್ಣು ಆದವೇನು?”

“ಆಮಿರ್, ಇದನ್ನ ಅಳಿಸೋ ಮಾರಾಯಾ!”

“ಮಷೀನ್ ಹೊಸಾದು ಅಣ್ಣಾ,” ಎಂದ ಆಮಿರ್ ಹೆಮ್ಮೆಯಿಂದ. “ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಂಗಿಲ್ಲ.”

ಬಸ್ಸಿನಲ್ಲಿ ಪ್ರೇಮಕುಮಾರ ಕರವಸ್ತ್ರಕ್ಕೆ ಉಗುಳು ಹಚ್ಚಿ ತಿಕ್ಕಲು ಕೂತ. ಅಂಥದ್ದನ್ನು ನೋಡಿ ಸುಮ್ಮನಿರುವ ಬಸ್ಸು ಅದಲ್ಲ. ಒಬ್ಬರು ಎಲೆಯಡಿಕೆ ಚೀಲದ ಸುಣ್ಣ ಕೊಟ್ಟರು. ಇನ್ನೊಬ್ಬರು ಟೂತ್‌ಪೇಸ್ಟು ಹಿಂಡಿದರು. ಕಮಲಾಪುರಕ್ಕೆ ಹೊರಟಿದ್ದ ಮುದುಕಿಯೊಬ್ಬಳು ತಾನು ತಿನ್ನುತ್ತಿದ್ದ ಕೆಂಪು ಬಾಳೆಹಣ್ಣಿನ ಸಿಪ್ಪೆ ಚಾಚಿ, “ಇದರಲೆ ತಿಕ್ಕಪಾ, ಬೆಳ್ಳಿ ಆಗ್ತದ,” ಎಂದಳು. ಅವಳ ಮಾತು ಸುಳ್ಳಾಗಲಿಲ್ಲ. ಕಮಲಾಪುರ ಬರುವಷ್ಟರಲ್ಲಿ ಗಿಟಾರು ಥಳಥಳ ಹೊಳೆಯುತ್ತಿತ್ತು. ಹೆಸರನ್ನು ಡ್ರೈವರ್ ಕನ್ನಡಿಯಲ್ಲೇ ಓದಬಹುದಿತ್ತು.

ಮೊದಲು ಸಹಿ ಹಾಕಿಸಿಕೊಳ್ಳುವುದು, ಆಮೇಲೆ ಪೆಟ್ಟಿಗೆ ಕೊಟ್ಟು ಕಾಲಿಗೆ ಬೀಳುವುದು ಎಂದು ಲೆಕ್ಕ ಹಾಕುತ್ತ ಅವನು ಆಫೀಸು ಹೊಕ್ಕ.

ಸಾಹೇಬರ ಕೋಣೆಯಲ್ಲಿ ಅಪರಿಚಿತರು ಬೀರು ತಡಕಾಡುತ್ತಿದ್ದರು. ಆಸ್ತಿಯ ತಪಾಸಣೆಗೆ ಮೇಲಿನಿಂದ ಬಂದವರು. ಅವರ ಮುಖ್ಯಸ್ಥೆ ಸುನಂದಾ ಮೇಡಂ ಸಾಹೇಬರ ಎದುರು ಕೂತಿದ್ದರು. ಸಾಹೇಬರು ಹೇಳಿದ್ದಂತೆ ಪೆನ್ನು ಕೈಯಲ್ಲೇ ಹಿಡಿದಿದ್ದರು. ಆದರೆ ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಪಗಾರಕ್ಕ ನಿಲುಕದ ಗಿಟಾರ್ ಇಟ್ಟೀರಿ ಅಂತ ದೂರು ಬಂದದ, ಅಮರನಾಥ ಅವರೇ. ಮೈಯೆಲ್ಲ ಲೋಹ ಅಂತ. ಎಲ್ಲಿ ಅದ?”

“ಗಿಟಾರೇ? ನನಗ ಚಪ್ಪಾಳಿ ಸಹಿತ ತಾಳಕ್ಕ ಬಡಿಯಾಕ ಬರಂಗಿಲ್ಲ ಮೇಡಂ!”

ಆಗಲೇ ಬಾಗಿಲಲ್ಲಿ ಪ್ರೇಮಕುಮಾರ. ಕಂಕುಳಲ್ಲಿ ಪೆಟ್ಟಿಗೆ. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಮೇಡಂ ಪೆಟ್ಟಿಗೆ ತೆಗೆಸಿದರು. ಬಗ್ಗಿ ಗಟ್ಟಿಯಾಗಿ ಓದಿದರು, ತಂದೆಯ ಹೆಸರು, ಊರು ಸಮೇತ. ಆಮೇಲೆ ಗಿಳಿಗಳ ಕೆಳಗಿದ್ದ ನಂಬರಿಗೆ ಫೋನ್ ಹಚ್ಚಿದರು. ಪ್ರೇಮಕುಮಾರನ ಕಿಸೆ ರಿಂಗಣಿಸಿತು.

ಸಾಹೇಬರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು.

“ನಮ್ಮ ಗುಮಾಸ್ತ, ಮೇಡಂ,” ಎಂದರು ಬಹಳ ನೊಂದುಕೊಂಡು. “ಇಂಥಾ ಸಾಮಾನು ಇಟ್ಟಾನ ಅಂತ ನನಗ ಇವತ್ತೇ ಗೊತ್ತಾತು ನೋಡ್ರಿ.”

“ನಂದಲ್ರೀ ಮೇಡಂ! ಸಾಹೇಬರದು! ಹೆಸರು ನಮ್ಮವ್ವ ಹಾಕ್ಸ್ಯಾಳ!”

“ಸಾಹೇಬರ ಗಿಟಾರಿಗೆ ನಿಮ್ಮವ್ವ ನಿಮ್ಮ ಹೆಸರು ಹಾಕ್ಸ್ಯಾಳ?”

ತಾನು ಹೇಳಿದ್ದು ತನಗೇ ನಂಬಿಕೆ ಬರುವಂತಿಲ್ಲ ಎಂದು ಅವನಿಗೆ ಅನ್ನಿಸಿತು. ಆದರೂ ಅವ್ವನನ್ನೇ ಕೇಳಿರೆಂದು ಅಂಗಲಾಚಿದ. ಮೇಡಂ ಸ್ಪೀಕರ್ ಹಾಕಿ ಕೇಳಿಯೂಬಿಟ್ಟರು.

“ಹೌದ್ರೀ, ನನ್ನ ಮಗಂದೇ,” ಎಂದಳು ಪುತಳಾಬಾಯಿ. “ಮುಂಜಾನಿ ಅವನೇ ಹೇಳ್ಯಾನ. ಬಸ್ಸಿನಾಗ ಬಿಟ್ಟಿದ್ದನೇನ್ರೀ? ಸಿಕ್ತಲ್ಲ, ನಿಮ್ಮ ಹೊಟ್ಟಿ ತಣ್ಣಗಿರಲಿ.”

ಹೇಳಿಕೆ ಬರೆದಾಯಿತು. ಪ್ರೇಮಕುಮಾರ ಸಹಿ ಹಾಕಿದ. ಪೆನ್ನು ಸಾಹೇಬರೇ ಕೊಟ್ಟರು. ಮೇಜಿನ ಮೇಲಿದ್ದ ವರ್ಗಾವಣೆ ಕಾಗದವನ್ನು ಮೇಡಂ ಮಡಚಿ ತಮ್ಮ ಫೈಲಿಗೆ ಸೇರಿಸಿಕೊಂಡರು.

“ವಿಚಾರಣೆ ಮುಗಿಯೋತನಕ ನೀವು ಕಮಲಾಪುರದ ಆಫೀಸು ಬಿಟ್ಟು ಎಲ್ಲೂ ವರ್ಗ ಆಗಂಗಿಲ್ಲ.”

“ಎಷ್ಟು ದಿನ ಹಿಡೀತದ್ರೀ ಮೇಡಂ?” ಎಂದ ಪ್ರೇಮಕುಮಾರ.

ಮೇಡಂ ಪ್ರಾಮಾಣಿಕ ಹೆಂಗಸು, ನಿಜವಾಗಿಯೂ ಯೋಚಿಸಿದರು.

“ಹಿಂದಿನದು ಹನ್ನೊಂದು ವರ್ಷ ಹಿಡೀತು. ಆದರ ಅದರಾಗ ಮಾಲು ಯಾರದು ಅಂತ ಹುಡುಕೋದಕ್ಕೇ ಒಂಬತ್ತು ವರ್ಷ ಹೋಗಿತ್ತು,” ಎಂದು ಅವನ ಬೆನ್ನು ತಟ್ಟಿದರು. “ನಿಮ್ಮದು ಎರಡೇ ವರ್ಷ.”